ಆಶ್ರಮದ ಗೇಟಿನ ಬೋರ್ಡು

ಹೊಳೆ ಕಡಲು ಸೇರುವ ಕಡೆ ಒಂದು ಗುಡ್ಡ. ಗುಡ್ಡದ ಮೇಲೆ ಆಶ್ರಮ, ಕೆಳಗೆ ಮೀನುಗಾರರ ಕೇರಿ.

ಬೆಳಿಗ್ಗೆಯಿಂದ ರೇಡಿಯೋ ಒಂದೇ ಮಾತು ಹೇಳುತ್ತಿತ್ತು. ಸಂಜೆಯೊಳಗೆ ಬಿರುಗಾಳಿ ಬರುತ್ತದೆ, ಭಾರಿ ಮಳೆಯಾಗುತ್ತದೆ, ಕಡಲ ದಂಡೆಯವರು ಎತ್ತರದ ಜಾಗಕ್ಕೆ ಹೋಗಬೇಕು.

ಆ ಊರಿಗೆ ಎತ್ತರದ ಜಾಗವೆಂದರೆ ಆಶ್ರಮವೊಂದೇ.

ಗುರುಗಳು ಶಿಷ್ಯ ಪದ್ಮನಾಭನನ್ನು ಕರೆದರು. "ಕೇರಿಯವರನ್ನೆಲ್ಲ ಮೇಲೆ ಕರಿ."

ಪದ್ಮನಾಭ ಭಜನೆಯ ಮೈಕು ಹಿಡಿದ. ಅವನದು ಒಳ್ಳೆಯ ಕಂಠ. ಕಡಲಿನವರೆಗೂ ಕೇಳುವಂತೆ ಕೂಗಿದ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೂಗಿದ.

ಮಧ್ಯಾಹ್ನವಾದರೂ ಒಂದು ನರಪಿಳ್ಳೆಯೂ ಗುಡ್ಡ ಹತ್ತಲಿಲ್ಲ. ಪದ್ಮನಾಭನಿಗೆ ಮೈಯೆಲ್ಲ ಉರಿದುಹೋಯಿತು.

"ಗುರುಗಳೇ, ಈ ಜನಕ್ಕೆ ಜೀವದ ಮೇಲೆ ಆಸೆಯೇ ಇಲ್ಲ! ಗಂಟಲು ಹರಿಯುವ ಹಾಗೆ ಕೂಗಿದ್ದೇನೆ. ಅಂಗಳದಲ್ಲಿ ಕೂತು ಬುಟ್ಟಿಗೆ ಹಗ್ಗ ಬಿಗಿಯುತ್ತಿದ್ದಾರೆ. ತಲೆಯೆತ್ತಿ ನೋಡುವವರೂ ಇಲ್ಲ."

"ಏನೆಂದು ಕೂಗಿದೆ?"

"ಬಿರುಗಾಳಿ ಬರುತ್ತಿದೆ, ಎಲ್ಲರೂ ಆಶ್ರಮಕ್ಕೆ ಬನ್ನಿ ಎಂದೆ."

"ಅಷ್ಟೇಯೋ?"

"ಅಷ್ಟೇ. ಕೊನೆಗೆ ಆಶ್ರಮದ ನಿಯಮ ಹೇಳಿದೆ. ಅದು ಯಾವಾಗಲೂ ಹೇಳುವುದೇ ಅಲ್ಲವೇ?"

ಗುರುಗಳು ಚಪ್ಪಲಿ ಮೆಟ್ಟಿಕೊಂಡರು. "ನಡಿ, ಅವರನ್ನೇ ಕೇಳೋಣ."

ಕೇರಿಯ ಮೊದಲನೇ ಮನೆ ಮೂಕಾಂಬುವಿನದು. ವಯಸ್ಸಾದ ಹೆಂಗಸು. ಅಂಗಳದಲ್ಲಿ ಒಣಮೀನು ತುಂಬಿದ ಬುಟ್ಟಿಗಳ ನಡುವೆ ಕೂತಿದ್ದಳು. ಒಳಗೆ ತೊಟ್ಟಿಲಲ್ಲಿ ಮೊಮ್ಮಗು ಮಲಗಿತ್ತು. ಮನೆಯ ಛಾವಣಿಯ ಸೋಗೆ ಆಗಲೇ ಪಟಪಟ ಹೊಡೆದುಕೊಳ್ಳುತ್ತಿತ್ತು.

ಗುರುಗಳು ಬಾಯಿ ತೆರೆಯುವ ಮೊದಲೇ ಪದ್ಮನಾಭ ರೇಗಿದ. "ಕಿವಿ ಕೇಳುವುದಿಲ್ಲವೇ ನಿಮಗೆ? ಆ ಮಗುವಿನ ಮುಖ ನೋಡಿಯಾದರೂ ಏಳಬಾರದೇ?"

"ಮಗಿನ ಮುಖ ಕಂಡೇ ಕೂತದ್ದ್ ಸ್ವಾಮಿ," ಎಂದಳು ಮೂಕಾಂಬು. "ಮಳೆಗಾಲ ಮುಗಿಯೂವರೆಗೆ ದೋಣಿ ಇಳೂದಿಲ್ಲ. ಈ ಬುಟ್ಟಿ ಗಾಳಿಗೆ ಹೋದ್ರೆ ನಾವ್ ತಿಂಬುದ್ ಎಂತ?"

"ಹಾಗಾದರೆ ಬುಟ್ಟಿ ಹೊತ್ತುಕೊಂಡೇ..." ಎಂದ ಪದ್ಮನಾಭ, ನಿಯಮ ನೆನಪಾಗಿ ಮಾತು ಅರ್ಧಕ್ಕೇ ನುಂಗಿಕೊಂಡ.

ಮೂಕಾಂಬು ಎದ್ದು ನಿಂತಳು.

"ಹೇಳಿ, ಹೇಳಿ! ಮೀನು ತರೂಕಾಗ, ಬಲೆ ತರೂಕಾಗ, ಕೋಳಿ ತರೂಕಾಗ, ಮಿಂದ್ಕಂಡ್ ಶುದ್ಧ ಆಯಿ ಬನ್ನಿ. ನೀವೇ ಅಲ್ದಾ ಕೂಗಿದ್ದ್? ಬಿರುಗಾಳಿ ಬತ್ತಾ ಇತ್ತ್, ಮಿಂದ್ಕಂಡ್ ಬನ್ನಿ ಅಂದ್ರೆ ಎಂತ ಮಾರ್ರೆ! ಮೈಕಲ್ಲಿ ಕರೂದು, ಬಾಗಿಲಲ್ಲಿ ತಡೆಯೂದು. ಕರೀದೇ ಇದ್ದಿದ್ರೆ ಇದಕ್ಕಿಂತ ಮರ್ಯಾದಿ ಆತಿತ್ತ್."

ಪದ್ಮನಾಭನ ಮುಖ ಕೆಂಪಾಯಿತು. "ನಿಯಮ ಎಂದಮೇಲೆ ಎಲ್ಲರಿಗೂ ಒಂದೇ," ಎಂದ.

"ಎಲ್ಲರಿಗೂ ಎಲ್ಲಿ ಸ್ವಾಮಿ? ಮೀನು ಇಪ್ಪುದ್ ನಮ್ಮನೆಯಲ್ಲಿ ಮಾತ್ರ."

ಗುರುಗಳು ಹೆಗಲ ಮೇಲಿನ ಕಾವಿ ಬಟ್ಟೆಯನ್ನು ಸುತ್ತಿ ಸಿಂಬಿ ಮಾಡಿ ತಲೆಗಿಟ್ಟುಕೊಂಡರು. ಬಗ್ಗಿ ಎಲ್ಲಕ್ಕಿಂತ ದೊಡ್ಡ ಬುಟ್ಟಿಗೆ ಕೈ ಹಾಕಿದರು.

"ಸ್ವಲ್ಪ ಕೈ ಕೊಡು ತಾಯಿ," ಎಂದರು.

ಮೂಕಾಂಬು ಒಂದು ಕ್ಷಣ ಅವರನ್ನೇ ನೋಡಿದಳು. ಆಮೇಲೆ ಬುಟ್ಟಿ ಎತ್ತಿ ಅವರ ತಲೆಯ ಮೇಲಿಟ್ಟು, ಮಗುವನ್ನು ಸೆರಗಲ್ಲಿ ಸುತ್ತಿಕೊಂಡು ಹಿಂದೆ ಹೊರಟಳು. ಪಕ್ಕದ ಮನೆಯವರು ಇದನ್ನು ಕಂಡರು. ನೋಡನೋಡುತ್ತ ಇಡೀ ಕೇರಿ ಬಲೆ, ಬುಟ್ಟಿ, ಕೋಳಿಗೂಡು ಹೊತ್ತು ಗುಡ್ಡ ಹತ್ತತೊಡಗಿತು.

ಪದ್ಮನಾಭ ಎಲ್ಲರಿಗಿಂತ ಮುಂದೆ ಓಡಿದ. ಗೇಟಿಗೆ ಅಡ್ಡ ನಿಂತ.

ಅವನ ತಲೆಯ ಮೇಲ್ಗಡೆ ಹಲಸಿನ ಹಲಗೆಯ ಬೋರ್ಡು ಗಾಳಿಗೂ ಅಲುಗದೆ ನಿಂತಿತ್ತು. 'ಮೀನು, ಬಲೆ, ಕೋಳಿಗಳಿಗೆ ಪ್ರವೇಶವಿಲ್ಲ.' ದುಂಡಗಿನ ಚೆಂದದ ಅಕ್ಷರ, ಪದ್ಮನಾಭನದೇ.

"ಗುರುಗಳೇ, ಇದನ್ನು ಬರೆಸಿದವರು ನೀವು!" ಅವನು ಬೋರ್ಡಿಗೆ ಬೆರಳು ಮಾಡಿದ. "ಇಷ್ಟು ವರ್ಷ ಈ ಗೇಟಿನಲ್ಲಿ ನಿಂತು ಜನರನ್ನು ವಾಪಸ್ ಕಳಿಸಿದವನು ನಾನು. ಅವರ ಶಾಪ ತಿಂದವನು ನಾನು. ಇವತ್ತು ಬುಟ್ಟಿ ಹೊತ್ತು ಒಳ್ಳೆಯವರಾಗುವವರು ನೀವು. ಇದು ಯಾವ ನ್ಯಾಯ?"

ಮಳೆಯ ಮೊದಲ ಹನಿಗಳು ಬಿದ್ದವು. ಗುರುಗಳ ಹಣೆಯ ಮೇಲೆ ಬೆವರಿನೊಡನೆ ಒಣಮೀನಿನ ಉಪ್ಪು ಇಳಿಯುತ್ತಿತ್ತು.

"ನ್ಯಾಯವಲ್ಲ," ಎಂದರು ಗುರುಗಳು. "ನೀನು ಸಿಟ್ಟಾದದ್ದು ಸರಿ. ಆ ಬೋರ್ಡು ನನ್ನದೇ. ಅದಕ್ಕೇ ಬುಟ್ಟಿ ನನ್ನ ತಲೆಯ ಮೇಲಿದೆ."

ಪದ್ಮನಾಭ ಗೇಟು ಬಿಟ್ಟು ಕದಲಲಿಲ್ಲ.

"ದಾರಿ ಬಿಡು. ಹಿಂದೆ ಮಗು ನೆನೆಯುತ್ತಿದೆ."

ಅವನು ಪಕ್ಕಕ್ಕೆ ಸರಿದ. ಮುಖದ ಬಿಗಿ ಮಾತ್ರ ಸಡಿಲಾಗಲಿಲ್ಲ. ಬಲೆಗಳು ಒಳಗೆ ಹೋದವು, ಕೋಳಿಗಳು ಹೋದವು, ಧ್ಯಾನಮಂದಿರದಲ್ಲಿ ಒಣಮೀನಿನ ವಾಸನೆ ತುಂಬಿತು. ಅವನು ಮೂಗು ಮುಚ್ಚಿಕೊಂಡು ಕಂಬಕ್ಕೆ ಒರಗಿ ಕೂತ.

ಸಂಜೆಗೆ ಗಾಳಿ ಬಂತು. ಅದನ್ನು ಗಾಳಿ ಎನ್ನುವುದಕ್ಕೂ ನಾಲಿಗೆ ಬರುವುದಿಲ್ಲ. ಕೆಳಗೆ ಕೇರಿಯ ಸೋಗೆಗಳು ಒಂದೊಂದಾಗಿ ಎದ್ದು ಹಾರಿಹೋದವು. ಮೂಕಾಂಬುವಿನ ಮನೆಯಿದ್ದ ಕಡೆ ಬರೀ ನೀರು ಕಾಣುತ್ತಿತ್ತು. ಅದನ್ನು ಪದ್ಮನಾಭನೂ ನೋಡಿದ, ಮೂಕಾಂಬುವೂ ನೋಡಿದಳು. ಅವಳು ಮಗುವನ್ನು ಇನ್ನಷ್ಟು ಅವುಚಿಕೊಂಡಳು.

ಪದ್ಮನಾಭನ ಕೈ ತಾನಾಗಿ ಮೂಗಿನಿಂದ ಕೆಳಗಿಳಿಯಿತು.

ಅಷ್ಟರಲ್ಲಿ ಮಂದಿರದ ಪಶ್ಚಿಮದ ಕಿಟಕಿಯ ಬಾಗಿಲು ಕಿತ್ತುಕೊಂಡು ಹೋಯಿತು. ಮಳೆ ನೇರವಾಗಿ ಒಳಗೆ ನುಗ್ಗಿತು. ಮಗು ಚೀರಿತು. ಜನ ಬುಟ್ಟಿಗಳ ಮೇಲೆ ಕವುಚಿ ಬಿದ್ದರು.

"ಹಲಗೆ! ಒಂದು ಹಲಗೆ ಕೊಡಿ!" ಎಂದು ಯಾರೋ ಕೂಗಿದರು.

ಹಲಗೆ ಎಲ್ಲಿಯೂ ಇರಲಿಲ್ಲ. ಗುರುಗಳು ಪದ್ಮನಾಭನ ಕಡೆ ನೋಡಲೂ ಇಲ್ಲ.

ಪದ್ಮನಾಭ ತಾನೇ ಎದ್ದ. ಗಾಳಿಗೆ ಎದೆಯೊಡ್ಡಿ, ಬಗ್ಗಿ, ತೆವಳಿ ಗೇಟು ಮುಟ್ಟಿದ. ಬೋರ್ಡನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿದ. ಬರಲಿಲ್ಲ. ಇಷ್ಟು ಗಟ್ಟಿಯಾಗಿ ಮೊಳೆ ಹೊಡೆದವನು ಯಾವ ಮೂರ್ಖನೋ ಎಂದು ಬೈದುಕೊಂಡ. ಹೊಡೆದವನು ಅವನೇ.

ಕೊನೆಗೆ ಮೊಳೆ ಸಮೇತ ಕಿತ್ತು ತಂದ. ಉಗುರಿನಲ್ಲಿ ರಕ್ತ ಒಸರುತ್ತಿತ್ತು.

ಕಿಟಕಿಗೆ ಹಲಗೆ ಅಡ್ಡ ಹಿಡಿದ. ಅಭ್ಯಾಸಬಲ, 'ಪ್ರವೇಶವಿಲ್ಲ' ಎಂಬ ಅಕ್ಷರ ಜನರ ಕಡೆಗೇ ಇತ್ತು. ಮೂಕಾಂಬು ಮಗುವನ್ನು ಪಕ್ಕದವಳಿಗೆ ಕೊಟ್ಟು, ಹಲಗೆಗೆ ಹೆಗಲು ಕೊಟ್ಟು ನಿಂತಳು. ಪದ್ಮನಾಭ ಮೊಳೆಗೆ ಕಲ್ಲೆತ್ತಿದ.

ಹಿಂದಿನಿಂದ ಗುರುಗಳ ದನಿ ಕೇಳಿತು.

"ತಿರುಗಿಸಿ ಹೊಡಿ, ಪದ್ಮನಾಭ. ಅದನ್ನು ಓದಬೇಕಾದ್ದು ಆ ಗಾಳಿ."