ಎಮ್ಮೆಯ ಹೊಂಡ ಮುಚ್ಚಿಸಿದ ನವಿಲು

ಮಕ್ಕಳೇ, ನಾಲ್ಕು ಗುಡ್ಡಗಳ ನಡುವೆ ಬೋಗುಣಿಯ ಹಾಗೆ ತಗ್ಗಾದ ಒಂದು ಕಾಡಿತ್ತು. ಅಲ್ಲಿ ಪ್ರಾಣಿಗಳದೇ ಒಂದು ಊರು, ಹೆಸರು ಬೋಗುಣಿಪುರ. ಆ ಹೆಸರು ಯಾಕೆ ಬಂತೆಂದು ಊರಿನವರು ಯೋಚಿಸಿದವರಲ್ಲ. ನಾವೇ ಯೋಚಿಸುವುದಿಲ್ಲ, ಅವು ಪಾಪ, ಪ್ರಾಣಿಗಳು.

ಮಳೆ ಬಂದರೆ ನಾಲ್ಕು ಗುಡ್ಡದ ನೀರೂ ಊರ ನಡುವಿನ ತಗ್ಗಿಗೇ ಇಳಿಯುತ್ತಿತ್ತು. ಅಲ್ಲಿ ಭದ್ರಕ್ಕ ಎಂಬ ಎಮ್ಮೆ ವರ್ಷಗಟ್ಟಲೆ ಹೊರಳಿ ಹೊರಳಿ ಮಾಡಿದ್ದ ದೊಡ್ಡ ಹೊಂಡ. ಸುತ್ತ ಏಡಿಗಳ ಬಿಲಗಳು, ಅದರಾಚೆ ಎತ್ತರದ ಜೊಂಡು ಹುಲ್ಲು, ಜೊಂಡಿನಾಚೆ ಕೆರೆ. ಬಂದ ನೀರು ಹೊಂಡದಲ್ಲಿ ಕೂತು ಸುಧಾರಿಸಿಕೊಂಡು, ಒಂದಿಷ್ಟು ಬಿಲಗಳೊಳಗೆ ಇಳಿದು, ಉಳಿದದ್ದು ಜೊಂಡಿನ ಬೇರುಗಳ ಸಂದಿಯಲ್ಲಿ ನುಸುಳಿ ಕೆರೆ ಸೇರುತ್ತಿತ್ತು. ಇದನ್ನು ಯಾರೂ ಯೋಜನೆ ಹಾಕಿ ಮಾಡಿದ್ದಲ್ಲ. ಉದ್ಘಾಟನೆಯೂ ಆಗಿರಲಿಲ್ಲ. ಹಾಗಾಗಿ ಮರ್ಯಾದೆಯೂ ಇರಲಿಲ್ಲ.

ಊರಿನ ಅಧ್ಯಕ್ಷ ಚಿತ್ರಸೇನರಾಯ ಎಂಬ ನವಿಲು. ತನ್ನ ಗರಿಗಳೆಂದರೆ ಅವನಿಗೆ ಪ್ರಾಣ; ಕೆಸರೆಂದರೆ ಮೈ ಉರಿ. ಒಂದು ಬೇಸಿಗೆಯಲ್ಲಿ ಮನುಷ್ಯರ ಪಟ್ಟಣಕ್ಕೆ ಹಾರಿಹೋಗಿ, ಯಾರದೋ ತಾರಸಿಯ ಮೇಲೆ ಕೂತು ನೋಡಿ ಬಂದ. ಎಲ್ಲೆಲ್ಲೂ ಸಿಮೆಂಟು, ಒಂದು ಚೂರು ಕೆಸರಿಲ್ಲ. ಮಳೆಗಾಲದಲ್ಲಿ ಆ ಪಟ್ಟಣದ ಗತಿ ಏನಾಗುತ್ತದೆಂದು ನೋಡಲು ಅವನು ನಿಲ್ಲಲಿಲ್ಲ. ಅಧ್ಯಯನ ಪ್ರವಾಸಕ್ಕೆ ಹೋದವರು ಅಷ್ಟೆಲ್ಲ ನೋಡುತ್ತಾ ಕೂರುವುದುಂಟೇ?

ಬಂದವನೇ ಸಭೆ ಕರೆದ.

"ಊರ ನಡುವೆ ಒಂದು ಕೆಸರು ಹೊಂಡ, ಅದರೊಳಗೊಂದು ಎಮ್ಮೆ. ಹೊರಗಿನವರು ಬಂದರೆ ಏನು ತೋರಿಸೋದು? ಹೊಂಡ ಮುಚ್ಚೋಣ, ಬಿಲಗಳಿಗೆ ಕಲ್ಲು ತುರುಕೋಣ, ಜೊಂಡು ಕೊಚ್ಚಿಹಾಕೋಣ. ಹುತ್ತದ ಮಣ್ಣು ಹಾಕಿ ಕನ್ನಡಿಯಂಥ ನೆಲ ಮಾಡೋಣ."

"ನಾನೆಲ್ಲಿ ಮಲಗಲಪ್ಪ?" ಎಂದಳು ಭದ್ರಕ್ಕ.

"ಗುಡ್ಡದ ಮೇಲೆ ಬಂಡೆ ಇದೆಯಲ್ಲ. ಗಾಳಿ ಚೆನ್ನಾಗಿದೆ."

"ಬಂಡೆ ಮೇಲೆ ಹೊರಳಿದರೆ ಬೆನ್ನು ತರಚಿಹೋಗುತ್ತೆ."

"ಹೊರಳೋದು ಬಿಟ್ಟುಬಿಡು ಭದ್ರಕ್ಕ, ಕಾಲ ಬದಲಾಗಿದೆ."

ಎಲ್ಲರೂ ತಲೆಯಾಡಿಸಿದರು. ತಲೆಯಾಡಿಸಿದವರಾರೂ ಹೊಂಡದಲ್ಲಿ ಮಲಗುವವರಲ್ಲ.

ಆನೆಗಳು ತುಳಿದವು, ಮಂಗಗಳು ತಿಕ್ಕಿದವು. ನೆಲ ಫಳಫಳ ಹೊಳೆಯಿತು. ಕೆರೆಯ ಕೊಚ್ಚೆ ಒಳಗೆ ಬಾರದಂತೆ ಆ ಕಡೆಗೆ ಒಂದು ಅಂದವಾದ ದಂಡೆಯೂ ಎದ್ದಿತು. ಅಧ್ಯಕ್ಷರ ಮನೆ ಪಕ್ಕದಲ್ಲೇ ಇದ್ದರೆ ಶೋಭೆ ಎಂದು ಚಿತ್ರಸೇನರಾಯ ಹೆಂಡತಿ ಶೇಷಮ್ಮನನ್ನು ದಂಡೆಯ ಒಳಗಿನ ಪೊದೆಗೆ ಕರೆತಂದ. ನವಿಲುಗಳು ಮೊಟ್ಟೆಯಿಡುವುದು ಮರದ ಮೇಲಲ್ಲ, ನೆಲದ ಮೇಲೆ. ಶೇಷಮ್ಮ ಪೊದೆಯ ಬುಡದಲ್ಲಿ ನಾಲ್ಕು ಮೊಟ್ಟೆಯಿಟ್ಟು ಕಾವಿಗೆ ಕೂತಳು.

"ರೀ, ಮಳೆ ಬಂದರೆ ಈ ನೀರೆಲ್ಲ ಎಲ್ಲಿಗೆ ಹೋಗುತ್ತೆ?"

"ಹೊರಗೆ."

"ಹೊರಗೆ ಅಂದರೆ ಎಲ್ಲಿಗೆ?"

"ಹೊರಗೆ ಅಂದರೆ ಹೊರಗೆ ಕಣೇ. ಅದಕ್ಕೊಂದು ಸಮಿತಿ ಮಾಡ್ತೀನಿ, ನೀನು ಸುಮ್ಮನೆ ಕಾವು ಕೊಡು."

ಉದ್ಘಾಟನೆಯ ದಿನ ಬಂತು. ನವಿಲು ಗರಿ ಬಿಚ್ಚಿ ಕುಣಿಯಬೇಕು, ಅದೇ ಕಾರ್ಯಕ್ರಮ. ಬಿಲ ಕಳೆದುಕೊಂಡ ಏಡಿ ನಿಂಗಣ್ಣ ದಂಡೆಯ ಮೇಲಿನಿಂದ ಕೂಗಿದ.

"ಸ್ವಾಮಿ, ಮೋಡ ಕಟ್ಟಿದೆ. ನೀವು ಕುಣಿದಾಗಲೆಲ್ಲ ಮಳೆ ಬರುತ್ತೆ ಅಂತ ನೀವೇ ಭಾಷಣ ಮಾಡಿದ್ದೀರಿ. ಇವತ್ತೊಂದು ದಿನ ಕುಣಿಯದೆ ಇರಬಾರದೇ?"

"ಇಷ್ಟು ಜನ ಬಂದಿದ್ದಾರೆ, ಕುಣಿಯದೆ ಇರೋಕಾಗುತ್ತೇನೋ?"

ಕುಣಿದ. ನೆಲದಲ್ಲಿ ಇನ್ನೊಬ್ಬ ಚಿತ್ರಸೇನರಾಯ ತಲೆಕೆಳಗಾಗಿ ಕುಣಿಯುವುದನ್ನು ನೋಡಿ ಮೈಮರೆತು ಮತ್ತಷ್ಟು ಕುಣಿದ. ಮಳೆ ಹುಯ್ಯತೊಡಗಿತು. ಮೊದಲು ನೆಲದ ಮೇಲೆ ತೆಳ್ಳಗೆ ನೀರು ನಿಂತಿತು. "ನೋಡಿ, ಈಗ ನನ್ನ ಬಿಂಬ ಇನ್ನೂ ಚೆಂದ," ಎಂದ ಅಧ್ಯಕ್ಷ. ಅಷ್ಟರಲ್ಲಿ ನಾಲ್ಕು ಗುಡ್ಡದ ನೀರೂ ಹಳೆಯ ವಿಳಾಸ ಹುಡುಕಿಕೊಂಡು ಬಂತು. ಹೊಂಡವಿಲ್ಲ, ಬಿಲವಿಲ್ಲ, ಮುಂದೆ ಹೋಗೋಣವೆಂದರೆ ಅಂದವಾದ ದಂಡೆ. ನೀರು ಅಲ್ಲೇ ನಿಂತು ಏರತೊಡಗಿತು. ಕಾಲು ಮುಳುಗಿದೊಡನೆ ಅತಿಥಿಗಳು ಚದುರಿದರು. ಅಧ್ಯಕ್ಷ ಒದ್ದೆ ಗರಿಗಳನ್ನು ಎಳೆದುಕೊಂಡು ಮರ ಹತ್ತಿ, ಕೊಂಬೆಯ ಮೇಲೆ ತುರ್ತು ಸಭೆ ಕರೆದ. ಸಭೆಗೆ ಬಂದವನು ಅವನೊಬ್ಬನೇ.

ಪೊದೆಯ ಬುಡದಲ್ಲಿ ನೀರು ಶೇಷಮ್ಮನ ಕಾಲು ಮುಟ್ಟಿತು.

"ಹಾರಿ ಬಾರೇ," ಎಂದ ಗಂಡ.

"ನಾನು ಹಾರಬಲ್ಲೆ. ಮೊಟ್ಟೆಗಳು ಹಾರುತ್ತವೇನ್ರೀ?" ಶೇಷಮ್ಮ ರೆಕ್ಕೆ ಅಗಲಿಸಿ ಮೊಟ್ಟೆಗಳನ್ನು ಇನ್ನಷ್ಟು ಒತ್ತಿ ಹಿಡಿದಳು. "ಸಭೆ ಆಮೇಲಾಗಲಿ, ಮೊದಲು ನೀರು ಇಳಿಸಿ."

ಆಗ ಗುಡ್ಡದಿಂದ ಭದ್ರಕ್ಕ ಇಳಿದು ಬಂದಳು. ಊರನ್ನು ಉಳಿಸಲು ಬಂದಳೆಂದು ತಿಳಿಯಬೇಡಿ. ಅವಳಿಗೆ ಪ್ರವಾಹವೂ ಗೊತ್ತಿಲ್ಲ, ಪರಿಹಾರವೂ ಗೊತ್ತಿಲ್ಲ. ಬಂಡೆಯ ಮೇಲೆ ಮಲಗಿ ಮಲಗಿ ಬೆನ್ನು ಕಡಿಯುತ್ತಿತ್ತು, ಮಳೆ ಬಿದ್ದ ಕೂಡಲೇ ಹೊಂಡದ ನೆನಪಾಯಿತು, ಅಷ್ಟೇ.

"ನನ್ನ ಜಾಗ ಇಲ್ಲೇ ಇತ್ತಲ್ಲ," ಎನ್ನುತ್ತ ಧೊಪ್ಪನೆ ಬಿದ್ದಳು.

ಹೊಂಡಕ್ಕೆ ತುಂಬಿದ್ದ ಮಣ್ಣು ಒಳಗೆ ಇನ್ನೂ ಸಡಿಲವೇ ಇತ್ತು. ಕನ್ನಡಿಯಂಥ ನೆಲ ಹಪ್ಪಳದ ಹಾಗೆ ಮುರಿಯಿತು.

"ಅಯ್ಯೋ ನನ್ನ ನೆಲ!" ಎಂದು ಮರದ ಮೇಲಿನವನು ಕಿರುಚಿದ.

"ಇನ್ನೊಂದು ಸಲ ಹೊರಳು ಭದ್ರಕ್ಕ," ಎಂದು ಪೊದೆಯ ಬುಡದವಳು ಬೇಡಿದಳು. "ಆ ದಂಡೆ ಕಡೆಗೆ ಹೊರಳು ತಾಯಿ."

ಭದ್ರಕ್ಕನಿಗೆ ಹೊರಳು ಎಂದು ಯಾರಾದರೂ ಉಪಚಾರ ಮಾಡಿದ್ದು ಅದೇ ಮೊದಲು. ಸಂತೋಷದಿಂದ ಹೊರಳಿದಳು. ದಂಡೆ ಕುಸಿಯಿತು. ನಿಂಗಣ್ಣನ ಬಳಗ ನೀರಿಗಿಳಿದು ತಮ್ಮ ತಮ್ಮ ಬಿಲದ ಕಲ್ಲು ಕಿತ್ತಿತು. ಗುಳುಗುಳು ಸದ್ದು ಎದ್ದಿತು. ನೀರು ಹೊಂಡಕ್ಕೆ ಇಳಿಯಿತು, ಬಿಲಗಳಿಗೆ ಇಳಿಯಿತು, ಕೊಚ್ಚಿದ ಜೊಂಡಿನ ಮೋಟುಗಳ ನಡುವೆ ನುಗ್ಗಿ ಕೆರೆಗೆ ಹೋಯಿತು. ಶೇಷಮ್ಮನ ಕಾಲಿನಿಂದ ನೀರು ಜಾರಿದಾಗ ನಾಲ್ಕು ಮೊಟ್ಟೆಗಳೂ ಅವಳಡಿಯಲ್ಲಿ ಬೆಚ್ಚಗೇ ಇದ್ದವು.

ಮಳೆ ನಿಂತ ಮೇಲೆ ಅಧ್ಯಕ್ಷ ಮರದಿಂದಿಳಿದ. ಹೊಂಡಕ್ಕೆ 'ಚಿತ್ರಸೇನರಾಯ ಮಳೆನೀರು ಉದ್ಯಾನ' ಎಂದು ಹೆಸರಿಟ್ಟು, ಇದು ತನ್ನ ಬಹುಕಾಲದ ಕನಸೆಂದು ಭಾಷಣ ಮಾಡಿದ. ಭದ್ರಕ್ಕ ಕೇಳಿಸಿಕೊಳ್ಳಲಿಲ್ಲ, ನಿದ್ದೆ ಮಾಡುತ್ತಿದ್ದಳು.

ಮರಿಗಳು ಮೊಟ್ಟೆಯೊಡೆದು ಬಂದು, ಕಾಲು ಗಟ್ಟಿಯಾದ ಕೂಡಲೇ ಹೊಂಡದ ಅಂಚಿನ ಕೆಸರಿಗೇ ಓಡಿದವು.

"ಏನೇ ಇದು, ಗರಿ ಹಾಳಾಗುತ್ತೆ, ಕರೆಯೇ ಅವನ್ನ," ಎಂದ ಅಪ್ಪ.

"ಆಡಲಿ ಬಿಡ್ರೀ," ಎಂದಳು ಶೇಷಮ್ಮ. "ಈ ಕೆಸರಿಲ್ಲದಿದ್ದರೆ ಗರಿ ಹಾಳು ಮಾಡಿಕೊಳ್ಳೋಕೆ ಅವೇ ಇರ್ತಿರಲಿಲ್ಲ."

ನೀತಿ: ಅಂದಕ್ಕೆಂದು ನೀರಿನ ಜಾಗ ಮುಚ್ಚಿದರೆ, ನೀರು ನಮ್ಮ ಮನೆಯೊಳಗೇ ಜಾಗ ಕೇಳುತ್ತದೆ.