ಕೇಳದೆ ಬರೆದ ಅಂಕಿ

ಶಿಷ್ಯ ಕೇಳಿದ: “ಗುರುಗಳೇ, ಒಂದು ತಪ್ಪು ಆಗಿಹೋಗಿದೆ ಎಂದುಕೊಳ್ಳಿ. ಅದರಿಂದ ಯಾರಿಗೂ ಕೇಡಾಗಿಲ್ಲ. ಅದು ಯಾರಿಗೂ ಗೊತ್ತೂ ಇಲ್ಲ. ಮಾಡಿದವನು ಅದನ್ನು ಸರಿಪಡಿಸಿಯೂ ಆಗಿದೆ. ಇಷ್ಟಾದ ಮೇಲೂ ಅದನ್ನು ಬಾಯಿಬಿಟ್ಟು ಹೇಳಲೇಬೇಕೇ?”

ಶಿಷ್ಯ ಮಠದ ಔಷಧಾಲಯವನ್ನು ನೋಡಿಕೊಳ್ಳುತ್ತಿದ್ದ. ತಪ್ಪು ಯಾರದು ಎಂದು ಗುರುಗಳು ಕೇಳಲಿಲ್ಲ. ಅವನಿಗೆ ಕುಳಿತುಕೊಳ್ಳಲು ಹೇಳಿದರು. ತಾವೂ ಕುಳಿತು ಈ ಕತೆ ಹೇಳಿದರು.

ಒಂದು ಊರಿನ ವಿಮಾನ ನಿಲ್ದಾಣದಲ್ಲಿ ಧರ್ಣಪ್ಪ ಎಂಬ ಪರೀಕ್ಷಕನಿದ್ದ. ವಿಮಾನದ ಚಕ್ರಗಳಿಗೆ ಇರುವ ಬ್ರೇಕುಗಳನ್ನು ನೋಡುವುದು ಅವನ ಕೆಲಸ. ವಿಮಾನ ಹಾರುವ ಮೊದಲು ಅವನು ಚಕ್ರದ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತು ನೋಡುತ್ತಿದ್ದ. ಎಲ್ಲಾ ಸರಿ ಇದ್ದರೆ ಪುಸ್ತಕದಲ್ಲಿ ಬರೆದು ಸಹಿ ಹಾಕುತ್ತಿದ್ದ. ಆ ಸಹಿ ಇಲ್ಲದೆ ವಿಮಾನ ಕದಲುವಂತಿರಲಿಲ್ಲ. ಹನ್ನೊಂದು ವರ್ಷ ಅವನು ಆ ಕೆಲಸ ಮಾಡಿದ್ದ. ಅವನ ಸಹಿಯನ್ನು ಯಾರೂ ಅನುಮಾನಿಸಿರಲಿಲ್ಲ.

ಆ ಬ್ರೇಕಿನೊಳಗೆ ಒಂದರ ಪಕ್ಕ ಒಂದರಂತೆ ತಟ್ಟೆಗಳಿರುತ್ತವೆ. ಒತ್ತಡ ಬಿದ್ದಾಗ ತಟ್ಟೆಗಳು ಒಂದಕ್ಕೊಂದು ಉಜ್ಜಿ ಚಕ್ರವನ್ನು ಹಿಡಿಯುತ್ತವೆ. ಹಿಡಿದಷ್ಟೂ ಸವೆಯುತ್ತವೆ. ಎಷ್ಟು ಸವೆದಿವೆ ಎಂದು ತೋರಿಸಲು ಹೊರಗೆ ಒಂದು ಸಣ್ಣ ಕಡ್ಡಿ ಇರುತ್ತದೆ. ತಟ್ಟೆ ಸವೆದ ಹಾಗೆ ಕಡ್ಡಿ ಒಳಗೆ ಸರಿಯುತ್ತದೆ. ಅದು ಪೂರ್ತಿ ಒಳಗೆ ಹೋಯಿತು ಎಂದರೆ ಬ್ರೇಕಿನ ಆಯುಸ್ಸು ಮುಗಿಯಿತು. ಅದನ್ನು ತೆಗೆದು ಬೇರೆ ಹಾಕಬೇಕು. ಆದರೆ ಬ್ರೇಕು ಒತ್ತಿರುವಾಗ ಮಾತ್ರ ಕಡ್ಡಿ ನಿಜ ಹೇಳುತ್ತದೆ. ಒತ್ತಿರದಿದ್ದರೆ ಅದು ಹೊರಗೆ ಚಾಚಿಕೊಂಡು, ಸವೆದ ಬ್ರೇಕನ್ನೂ ಚೆನ್ನಾಗಿರುವಂತೆ ತೋರಿಸುತ್ತದೆ.

ಆದ್ದರಿಂದ ಈ ಕೆಲಸಕ್ಕೆ ಇಬ್ಬರು ಬೇಕು. ಒಬ್ಬ ಮೇಲೆ ಪೈಲಟ್ ಕೂರುವ ಜಾಗದಲ್ಲಿ ಕುಳಿತು ಬ್ರೇಕಿನ ಹಿಡಿಯನ್ನು ಎಳೆಯಬೇಕು. ಒತ್ತಡ ತೋರಿಸುವ ಮುಳ್ಳನ್ನು ನೋಡಿ ಅಂಕಿ ಹೇಳಬೇಕು. ಇನ್ನೊಬ್ಬ ಕೆಳಗೆ ಕಡ್ಡಿಯನ್ನು ಅಳೆಯಬೇಕು. ಎರಡನ್ನೂ ಪುಸ್ತಕದಲ್ಲಿ ಬರೆಯಬೇಕು.

ಮೇಲೆ ಕೂರುತ್ತಿದ್ದವನು ಮೋನಪ್ಪ. ಅವನು ಧರ್ಣಪ್ಪನ ಕೈಕೆಳಗೆ ಕೆಲಸ ಕಲಿತವನು. ನಾಲ್ಕು ವರ್ಷ ಓದಿ, ತಾನೂ ಪರೀಕ್ಷಕನಾಗಲು ಬರೆಯಬೇಕಾದ ಪರೀಕ್ಷೆಗೆ ಸಿದ್ಧನಾಗಿದ್ದ. ಪರೀಕ್ಷೆ ಮುಂದಿನ ತಿಂಗಳಿತ್ತು. ಅವನಿಗೆ ಕಷ್ಟದ ಪಾಠಗಳನ್ನು ಬಿಡುವಿನಲ್ಲಿ ಹೇಳಿಕೊಟ್ಟವನು ಧರ್ಣಪ್ಪನೇ.

ಒಂದು ಬೆಳಿಗ್ಗೆ, ಆಗಷ್ಟೇ ಬಂದು ನಿಂತ ವಿಮಾನವನ್ನು ಧರ್ಣಪ್ಪ ನೋಡುತ್ತಿದ್ದ. ಮೂರು ಚಕ್ರ ಸರಿ ಇದ್ದವು. ನಾಲ್ಕನೆಯದರ ಕಡ್ಡಿ ಕಾಣಿಸಲಿಲ್ಲ. ಬೆರಳು ಇಟ್ಟು ನೋಡಿದ. ಕಡ್ಡಿ ಪೂರ್ತಿ ಒಳಗೆ ಹೋಗಿತ್ತು.

ಅವನು ಪುಸ್ತಕ ತೆರೆದ. ಹಿಂದಿನ ದಿನ ಇದೇ ವಿಮಾನದ ಇದೇ ಚಕ್ರವನ್ನು ತಾನೇ ನೋಡಿ, ಚೆನ್ನಾಗಿದೆ ಎಂದು ಬರೆದಿದ್ದ. ಕೆಳಗೆ ತನ್ನದೇ ಸಹಿ ಇತ್ತು. ಆಮೇಲೆ ವಿಮಾನ ಇಳಿದದ್ದು ಆರು ಸಲ. ಆರು ಸಲ ಇಳಿದರೆ ಅಷ್ಟು ಸವೆಯುವುದಿಲ್ಲ. ಅಂದರೆ ನಿನ್ನೆಯೂ ಅದು ಸವೆದೇ ಇತ್ತು. ಪ್ರತಿ ಸಲವೂ ಅದರಲ್ಲಿ ಎಪ್ಪತ್ತು ಜನರಿದ್ದರು.

ಧರ್ಣಪ್ಪ ಬ್ರೇಕನ್ನು ಬದಲಾಯಿಸಿದ. ವಿಮಾನ ನಲವತ್ತು ನಿಮಿಷ ತಡವಾಗಿ ಹೊರಟಿತು. ಯಾರೂ ಏನೂ ಕೇಳಲಿಲ್ಲ. ಸವೆದ ಬ್ರೇಕು ಸಿಗುವುದು, ಅದನ್ನು ಬದಲಾಯಿಸುವುದು ವಾರಕ್ಕೊಮ್ಮೆ ಇದ್ದದ್ದೇ.

ವಿಮಾನ ಕಣ್ಮರೆಯಾದ ಮೇಲೆ ಅವನು ಮೋನಪ್ಪನನ್ನು ಕರೆದ.

“ನಿನ್ನೆ ಬೆಳಿಗ್ಗೆ ಒತ್ತಡದ ಮುಳ್ಳು ನೋಡಿದ್ದೆಯಾ?”

ಮೋನಪ್ಪ, “ಹಿಡಿ ಎಳೆದು ನಿಮಗೆ ಕಿಟಕಿಯಿಂದ ಕೈ ತೋರಿಸಿದೆ ಅಣ್ಣ. ಮುಳ್ಳು ನೋಡಲಿಲ್ಲ. ನೀವೂ ಕೇಳಲಿಲ್ಲ” ಎಂದ.

ಅದು ನಿಜವಾಗಿತ್ತು. ನಿನ್ನೆ ಬೆಳಿಗ್ಗೆ ಆ ವಿಮಾನ ಅದರ ಹಿಂದಿನ ಸಂಜೆಯಿಂದ ನಿಂತೇ ಇತ್ತು, ಇವತ್ತಿನಂತೆ ಆಗಷ್ಟೇ ಬಂದದ್ದಲ್ಲ. ನಿಂತಲ್ಲಿಯೇ ಒತ್ತಡ ಇಳಿದುಹೋಗಿತ್ತು. ಹಿಡಿ ಎಳೆದರೂ ಬ್ರೇಕು ಒತ್ತಿರಲಿಲ್ಲ. ಕಡ್ಡಿ ಹೊರಗೆ ಚಾಚಿಕೊಂಡಿತ್ತು. ಧರ್ಣಪ್ಪ ಅದನ್ನು ಅಳೆದ. ಒತ್ತಡದ ಕಾಲಮಿನಲ್ಲಿ ಮೂರು ಸಾವಿರ ಎಂದು ಬರೆದ. ಯಾವಾಗಲೂ ಅಷ್ಟೇ ಇರುತ್ತಿದ್ದ ಕಾರಣ ಕೇಳದೆಯೇ ಬರೆದ. ಯಾರೂ ನೋಡದ ಅಂಕಿಗೆ ಸಹಿ ಹಾಕಿದ.

“ಬ್ರೇಕು ಬದಲಾಯಿತಲ್ಲ ಅಣ್ಣ,” ಮೋನಪ್ಪ ಹೇಳಿದ. “ಯಾರಿಗೂ ಏನೂ ಆಗಿಲ್ಲ. ನಾಳೆಯಿಂದ ನಾನು ಮುಳ್ಳು ನೋಡಿ ಹೇಳುತ್ತೇನೆ, ನೀವು ಕೇಳಿ ಬರೆಯಿರಿ. ಇಲ್ಲಿಗೆ ಬಿಟ್ಟುಬಿಡೋಣ. ವರದಿಯಲ್ಲಿ ನನ್ನ ಹೆಸರು ಬಂದರೆ ಪರೀಕ್ಷೆಗೆ ಕೂರಿಸುವುದಿಲ್ಲ.”

“ಎಷ್ಟು ದಿನದಿಂದ ನಾನು ಕೇಳಿಲ್ಲ ಮೋನಪ್ಪ?”

“ನೆನಪಿಲ್ಲ.”

“ನನಗೂ ನೆನಪಿಲ್ಲ,” ಎಂದ ಧರ್ಣಪ್ಪ.

ಇಲ್ಲಿ ಶಿಷ್ಯ ತಡೆದು ಕೇಳಿದ: “ಮೋನಪ್ಪ ಹೇಳಿದ್ದರಲ್ಲಿ ನ್ಯಾಯವಿಲ್ಲವೇ ಗುರುಗಳೇ? ನಾಲ್ಕು ವರ್ಷ ಓದಿದ್ದಾನೆ.”

“ನ್ಯಾಯವಿದೆ,” ಎಂದು ಗುರುಗಳು ಮುಂದುವರಿಸಿದರು.

ಧರ್ಣಪ್ಪನಿಗೂ ಹಾಗೆಯೇ ಅನ್ನಿಸಿತು. ಅವನು ಉಪಕರಣದ ಕೋಣೆಯಲ್ಲಿ ಒಂದು ಗಂಟೆ ಕುಳಿತ. ಮೊದಲು, ತನ್ನದೊಬ್ಬನದೇ ತಪ್ಪು ಎಂದು ಬರೆದುಕೊಡುವ ಮನಸ್ಸಾಯಿತು. ಕಾಗದ ತೆಗೆದುಕೊಂಡು, ಕಡ್ಡಿಯನ್ನು ನಾನು ಸರಿಯಾಗಿ ನೋಡಲಿಲ್ಲ ಎಂದು ಬರೆದ. ಬರೆದದ್ದನ್ನು ಓದಿಕೊಂಡ. ಅದು ಸುಳ್ಳು. ಕಡ್ಡಿಯನ್ನು ಅವನು ಸರಿಯಾಗಿಯೇ ನೋಡಿದ್ದ. ಆ ಕಾಗದ ಓದಿದವರು ಧರ್ಣಪ್ಪನ ಕಣ್ಣು ಮಂಜಾಗಿದೆ ಎಂದುಕೊಂಡು ಬೇರೊಬ್ಬ ಪರೀಕ್ಷಕನನ್ನು ಹಾಕುತ್ತಾರೆ. ಅವನೂ ಕಿಟಕಿಯಲ್ಲಿ ಕಾಣಿಸಿದ ಕೈಯನ್ನು ನಂಬಿ ಅಳೆಯುತ್ತಾನೆ.

ಧರ್ಣಪ್ಪ ಆ ಕಾಗದ ಹರಿದು ಇನ್ನೊಂದು ತೆಗೆದುಕೊಂಡ. ನಡೆದದ್ದನ್ನು ನಡೆದ ಹಾಗೆ ಬರೆದ. ಹಿಡಿ ಎಳೆದದ್ದು, ಮುಳ್ಳು ನೋಡದೆ ಇದ್ದದ್ದು, ತಾನು ಕೇಳದೆ ಇದ್ದದ್ದು, ಕೇಳದೆಯೇ ಅಂಕಿ ಬರೆದದ್ದು. ಎಷ್ಟು ದಿನದಿಂದ ಹೀಗಾಗುತ್ತಿದೆ ಎಂಬುದು ನೆನಪಿಲ್ಲ ಎಂಬುದನ್ನೂ ಬರೆದ. ಮೋನಪ್ಪನ ಹೆಸರು ಬರೆಯುವಾಗ ಅವನ ಕೈ ನಿಂತಿತು. ಎದ್ದು ಹೋಗಿ ನೀರು ಕುಡಿದು ಬಂದ. ಆಮೇಲೆ ಬರೆದ.

ಕೊಡುವ ಮೊದಲು ಮೋನಪ್ಪನ ಬಳಿ ಹೋಗಿ ಅದನ್ನು ಓದಿ ಹೇಳಿದ. ಮೋನಪ್ಪ ಕೊನೆಯವರೆಗೆ ಕೇಳಿದ. ಕೈಯಲ್ಲಿದ್ದ ಸ್ಪ್ಯಾನರನ್ನು ಅದರ ಜಾಗದಲ್ಲಿ ಇಟ್ಟು ಹೊರಟುಹೋದ.

ವಿಭಾಗದ ಮುಖ್ಯಸ್ಥ ವರದಿಯನ್ನು ಎರಡು ಸಲ ಓದಿದ. “ಧರ್ಣಪ್ಪ, ಇದನ್ನು ನಾನು ದಾಖಲು ಮಾಡಿದರೆ ವಾಪಸು ತೆಗೆದುಕೊಳ್ಳುವಂತಿಲ್ಲ. ಏನೂ ಅನಾಹುತ ಆಗಿಲ್ಲವಲ್ಲ?”

“ಆಗಿಲ್ಲ ಸರ್.”

“ಮತ್ತೆ?”

“ಈ ವಾರ ನಾನು ಸಹಿ ಮಾಡಿ ಕಳಿಸಿದ ವಿಮಾನಗಳು ಈಗ ಎಲ್ಲೆಲ್ಲಿವೆ ಎಂದು ಒಮ್ಮೆ ನೋಡಿ,” ಎಂದ ಧರ್ಣಪ್ಪ.

ಮುಖ್ಯಸ್ಥ ಅವನ ಮುಖ ನೋಡಿದ. ಆಮೇಲೆ ಫೋನು ಎತ್ತಿಕೊಂಡ.

ಅಂಥ ವಿಮಾನಗಳು ಏಳು. ಒಂದು ಎದುರಿಗೇ ಇತ್ತು, ಅದನ್ನು ಆಗಲೇ ನೋಡಿದರು, ಸರಿ ಇತ್ತು. ಉಳಿದವನ್ನು ಎಲ್ಲಿದ್ದರೆ ಅಲ್ಲೇ ನಿಲ್ಲಿಸಿ ನೋಡಲು ಹೇಳಿದರು. ಐದರಲ್ಲಿ ಎಲ್ಲಾ ಸರಿ ಇತ್ತು. ಕೊನೆಯದು ದೂರದ ಒಂದು ಊರಿನಲ್ಲಿತ್ತು. ಜನ ಹತ್ತಿ ಕುಳಿತು ಬಾಗಿಲು ಹಾಕಿ ಆಗಿತ್ತು. ಅದು ಹೋಗಬೇಕಾಗಿದ್ದ ಊರಿನ ರನ್‌ವೇ ಗಿಡ್ಡ. ಅಲ್ಲಿ ಬೆಳಗಿನಿಂದ ಮಳೆ ಸುರಿಯುತ್ತಿತ್ತು. ಅಲ್ಲಿಯವರು ಹಿಡಿ ಎಳೆದು, ಮುಳ್ಳು ನೋಡಿ, ಅಂಕಿ ಕೇಳಿ, ನಾಲ್ಕೂ ಚಕ್ರಗಳನ್ನು ಅಳೆದರು. ಎರಡು ಬ್ರೇಕುಗಳ ಕಡ್ಡಿಗಳು ಪೂರ್ತಿ ಒಳಗೆ ಹೋಗಿದ್ದವು.

ಜನರನ್ನು ಇಳಿಸಿದರು. ಬದಲಿ ಬ್ರೇಕು ಇನ್ನೊಂದು ಊರಿನಿಂದ ಬರಬೇಕಾಗಿತ್ತು. ಸಂಜೆಯವರೆಗೆ ವಿಮಾನ ಹೊರಡಲಿಲ್ಲ. ಕಾರಣ ಏನೆಂದು ಯಾರೂ ಬಿಡಿಸಿ ಹೇಳಲಿಲ್ಲ. ಜನ ಬೈದರು. ತಂಗಿಯ ಮದುವೆಗೆ ಹೊರಟಿದ್ದ ಒಬ್ಬನಿಗೆ ಮುಹೂರ್ತ ತಪ್ಪಿತು. ಆ ವಿಮಾನದವರು ಬೇಜವಾಬ್ದಾರಿಗಳು ಎಂದು ಅವನು ದೂರು ಬರೆದುಕೊಟ್ಟ. ಆಮೇಲೆ ಎಂದೂ ಅವರ ವಿಮಾನ ಹತ್ತಲಿಲ್ಲ.

ಧರ್ಣಪ್ಪನಿಗೆ ಸಹಿ ಮಾಡುವ ಅಧಿಕಾರ ಎಂಟು ತಿಂಗಳು ಇಲ್ಲವಾಯಿತು. ಆ ಎಂಟು ತಿಂಗಳು ಅವನು ಚಕ್ರ ತೊಳೆದ, ಗ್ರೀಸು ಒರೆಸಿದ, ನಿಂತ ವಿಮಾನಗಳ ಚಕ್ರ ಉರುಳದಂತೆ ಅಡ್ಡಲಾಗಿ ಮರದ ತುಂಡು ಇಟ್ಟ. ಅವನಿಗಿಂತ ಚಿಕ್ಕವರು ಅವನಿಗೆ ಕೆಲಸ ಹೇಳಿದರು. ಕೆಲವರು ಹೇಳುವಾಗ ಸಂಕೋಚಪಟ್ಟರು, ಕೆಲವರು ಪಡಲಿಲ್ಲ. ಅವನು ಎಲ್ಲರ ಮಾತನ್ನೂ ಕೇಳಿ ಕೆಲಸ ಮಾಡಿದ.

ಮೋನಪ್ಪನನ್ನು ಆ ವರ್ಷ ಪರೀಕ್ಷೆಗೆ ಕೂರಿಸಲಿಲ್ಲ. ಅಲ್ಲಿಯವರೆಗೆ ಇಬ್ಬರೂ ಮಧ್ಯಾಹ್ನ ಒಂದೇ ಮೇಜಿನಲ್ಲಿ ಉಣ್ಣುತ್ತಿದ್ದರು. ಈಗ ಮೋನಪ್ಪ ತನ್ನ ಡಬ್ಬಿ ಹಿಡಿದು ಬೇರೆ ಮೇಜಿಗೆ ಹೋಗುತ್ತಿದ್ದ. ಧರ್ಣಪ್ಪ ಅವನನ್ನು ಕರೆಯಲಿಲ್ಲ. ಕರೆಯುವ ಹಕ್ಕು ತನಗಿಲ್ಲ ಎಂದು ಅವನಿಗೆ ಅನ್ನಿಸುತ್ತಿತ್ತು. ಅವನಿಗೆ ತೀರಾ ನೋವಾದದ್ದು ಚಕ್ರ ತೊಳೆಯುವಾಗ ಅಲ್ಲ, ಊಟದ ಆ ಅರ್ಧ ಗಂಟೆಯಲ್ಲಿ.

ಅಷ್ಟರಲ್ಲಿ ಎಲ್ಲಾ ನಿಲ್ದಾಣಗಳಿಗೂ ಹೊಸ ನಿಯಮ ಬಂತು. ಮೇಲಿನವನೂ ಕೆಳಗಿನವನೂ ಕಿವಿಗೆ ಹೆಡ್‌ಫೋನು ಹಾಕಿಕೊಳ್ಳಬೇಕು. ಕೆಳಗಿನವನು ಒತ್ತಡ ಎಷ್ಟು ಎಂದು ಕೇಳಬೇಕು. ಮೇಲಿನವನು ಮುಳ್ಳು ನೋಡಿ ಹೇಳಬೇಕು. ಕೆಳಗಿನವನು ಅದನ್ನು ತಿರುಗಿ ಹೇಳಿ ಆಮೇಲೆ ಬರೆಯಬೇಕು. ಕೈ ತೋರಿಸುವುದು ನಿಂತುಹೋಯಿತು.

ಎಂಟು ತಿಂಗಳಾದ ಮೇಲೆ ಧರ್ಣಪ್ಪನಿಗೆ ಅಧಿಕಾರ ವಾಪಸು ಬಂತು. ಮೊದಲ ದಿನ ಅವನು ಚಕ್ರದ ಪಕ್ಕ ಕುಳಿತು ಹೆಡ್‌ಫೋನು ಹಾಕಿಕೊಂಡ. ಮೇಲೆ ಯಾರಿದ್ದಾರೆ ಎಂದು ಅವನಿಗೆ ಗೊತ್ತಿರಲಿಲ್ಲ.

“ಒತ್ತಡ ಎಷ್ಟು?” ಎಂದು ಕೇಳಿದ.

ಮೇಲಿನಿಂದ ಮೋನಪ್ಪನ ದನಿ ಬಂತು.

“ಎರಡು ಸಾವಿರದ ಒಂಬೈನೂರು.”

“ಎರಡು ಸಾವಿರದ ಒಂಬೈನೂರು,” ಎಂದು ಧರ್ಣಪ್ಪ ತಿರುಗಿ ಹೇಳಿ ಬರೆದ. ನಾಲ್ಕು ಚಕ್ರಕ್ಕೂ ನಾಲ್ಕು ಸಲ ಕೇಳಿದ. ಮೋನಪ್ಪ ನಾಲ್ಕು ಸಲವೂ ನೋಡಿ ಹೇಳಿದ. ಕೊನೆಯ ಚಕ್ರ ಆದ ಮೇಲೆ ಧರ್ಣಪ್ಪ ಹೆಡ್‌ಫೋನು ತೆಗೆಯುವುದರಲ್ಲಿದ್ದ.

“ಅಣ್ಣ,” ಎಂದಿತು ದನಿ. “ಪರೀಕ್ಷೆಯ ಹೊಸ ತಾರೀಕು ಬಂದಿದೆ. ಎರಡು ಪಾಠ ಮರೆತಂತಾಗಿದೆ. ಊಟದ ಹೊತ್ತಿಗೆ ಪುಸ್ತಕ ತರಲಾ?”

“ತಾ,” ಎಂದ ಧರ್ಣಪ್ಪ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯನ ಮನಸ್ಸಿಗೆ ಇನ್ನೂ ಸಮಾಧಾನವಾಗಿರಲಿಲ್ಲ.

“ಗುರುಗಳೇ, ಒಬ್ಬನಿಗೆ ಎಂಟು ತಿಂಗಳು ಅವಮಾನವಾಯಿತು. ಇನ್ನೊಬ್ಬನಿಗೆ ಒಂದು ವರ್ಷ ಹೋಯಿತು. ಮತ್ತೊಬ್ಬನಿಗೆ ತಂಗಿಯ ಮದುವೆ ತಪ್ಪಿತು. ಇದೆಲ್ಲಾ ನಿಜವಾಗಿ ಆದ ನಷ್ಟ. ಆದರೆ ದೂರದ ಊರಿನ ಆ ವಿಮಾನ ಹಾರಿದ್ದರೆ ಅಪಘಾತ ಆಗಿಯೇ ತೀರುತ್ತಿತ್ತೇ? ಮೊದಲನೆಯದು ಆರು ಸಲ ಸುಮ್ಮನೆ ಇಳಿದ ಹಾಗೆ ಅದೂ ಇಳಿದುಬಿಡುತ್ತಿತ್ತೋ ಏನೋ.”

ಗುರುಗಳು ಹೇಳಿದರು: “ಅದು ಇಂದಿಗೂ ಯಾರಿಗೂ ಗೊತ್ತಿಲ್ಲ, ಹಾಗೆ ಹಾರಿಸಿ ತಿಳಿದುಕೊಳ್ಳುವ ಹೊತ್ತು ಎಂದಿಗೂ ಬಾರದಂತೆ ನೋಡಿಕೊಳ್ಳುವುದೇ ಧರ್ಣಪ್ಪನ ಕೆಲಸವಾಗಿತ್ತು.”