ತೆರೆದು ಓದುವವರಿಗೆ

ಶಿಷ್ಯನೊಬ್ಬ ಗುರುವನ್ನು ಕೇಳಿದ: "ಗುರುಗಳೇ, ಕೇಳಿಸಿಕೊಳ್ಳಲು ಒಲ್ಲದವನಿಗೆ ಮಾತು ಮುಟ್ಟಿಸುವುದು ಹೇಗೆ? ಗೆಳೆಯನ ತಪ್ಪನ್ನು ನಾಲ್ಕು ಜನರ ಮುಂದೆ ಹೇಳಿದೆ. ಹೇಳಿದ್ದು ನಿಜವೇ. ಅಂದಿನಿಂದ ಅವನು ನನ್ನ ಮುಖ ನೋಡುತ್ತಿಲ್ಲ. ಮನೆಗೆ ಹೋದಾಗಲೆಲ್ಲ ಬಾಗಿಲು ತೆರೆಯುತ್ತದೆ, ಅವನು ಮಾತ್ರ ಒಳಗಿನಿಂದ ಬರುವುದಿಲ್ಲ."

ಗುರು ಹೇಳಿದ ಕತೆ ಇದು.

ಚಾಪೆ ಹೆಣೆಯುವ ಒಬ್ಬ ಹೆಂಗಸಿದ್ದಳು. ಅವಳಿಗೆ ಒಬ್ಬನೇ ಮಗ. ಒಂದು ಸಂತೆಯ ದಿನ ಇಬ್ಬರೂ ಎಂದಿನಂತೆ ಚಾಪೆಗಳನ್ನು ಹೊತ್ತು ಹೋದರು, ಎಂದಿನ ಜಾಗದಲ್ಲೇ ಹಾಸಿದರು. ಆ ಜಾಗ ತನ್ನದೆಂದು ಪಕ್ಕದ ವ್ಯಾಪಾರಿ ತಗಾದೆ ತೆಗೆದ. ಮಾತಿಗೆ ಮಾತು ಬೆಳೆಯಿತು. ಮಗ ಕೋಲೆತ್ತಿ ಹೊಡೆದ. ವ್ಯಾಪಾರಿಯ ಒಂದು ಕಣ್ಣು ಹೋಯಿತು.

ನ್ಯಾಯಾಧೀಶರು ತಾಯಿಯನ್ನು ಕೇಳಿದರು. ಅವಳು, "ಹೌದು, ಹೊಡೆದವನು ಇವನೇ" ಎಂದಳು. ಮಗ ಜೈಲಿಗೆ ಹೋದ.

ಅವಳಿಗೆ ತಕ್ಕಮಟ್ಟಿಗೆ ಬರೆಯಲು ಬರುತ್ತಿತ್ತು. ಮಗನಿಗೆ ಕಾಗದ ಬರೆದಳು. ಅದು ಹಿಂದಕ್ಕೆ ಬಂತು. ಮತ್ತೆ ಬರೆದಳು, ಅದೂ ಬಂತು. ಮೇಲೆ 'ಪಡೆಯಲು ಒಪ್ಪಲಿಲ್ಲ' ಎಂದು ಬರೆದಿತ್ತು. ಹೀಗೇ ಬಹಳ ದಿನ ನಡೆಯಿತು. ಒಂದು ದಿನ ಅವಳು ಹಿಂದಿರುಗಿದ ಲಕೋಟೆಯನ್ನು ತಿರುಗಿಸಿ ನೋಡಿದಳು. ಅದನ್ನು ಯಾರೋ ಒಡೆದು ಮತ್ತೆ ಅಂಟಿಸಿದ್ದರು.

"ಅವನು ಮುಟ್ಟೇ ಇಲ್ಲ ಅಂತೀಯ, ಇದನ್ನ ಒಡೆದವರು ಯಾರಪ್ಪ?" ಎಂದು ಅಂಚೆಯವನನ್ನು ಕೇಳಿದಳು.

"ಜೈಲಿನಲ್ಲಿ ಒಬ್ಬರು ಗುಮಾಸ್ತರಿದ್ದಾರಮ್ಮ. ಎಲ್ಲಾ ಕಾಗದ ಓದಿಯೇ ಒಳಕ್ಕೆ ಬಿಡೋದು."

"ಅಯ್ಯೋ! ಅವರನ್ನ ಎದುರಿಗೆ ಕೂರಿಸಿಕೊಂಡು, ಒಂದು ಮಾತೂ ವಿಚಾರಿಸದೆ, ಇಷ್ಟು ದಿನ ನನ್ನ ಪಾಡಿಗೆ ನಾನು ಮಾತಾಡಿದೆನಲ್ಲ!"

ಅಂಚೆಯವನು ನಕ್ಕ. "ಅವರನ್ನೇನಮ್ಮ ವಿಚಾರಿಸೋದು? ಅವರದು ಸಂಬಳದ ಕೆಲಸ."

"ನಿಂದೂ ಸಂಬಳದ ಕೆಲಸವೇ. ಬಂದಾಗಲೆಲ್ಲ ನೀರು ಕುಡಿದು ಹೋಗಲ್ವಾ?"

ಮುಂದಿನ ಕಾಗದವನ್ನು ಅವಳು ಹೀಗೆ ಶುರು ಮಾಡಿದಳು: 'ಇದನ್ನು ತೆರೆದು ಓದುವವರಿಗೆ ನಮಸ್ಕಾರ. ನಿಮ್ಮ ಊಟವಾಯಿತೇ? ಆಗಿಲ್ಲದಿದ್ದರೆ ಮೊದಲು ಊಟ ಮಾಡಿ. ನನ್ನ ಮಾತು ಆರುವುದಿಲ್ಲ.' ಅದರ ಕೆಳಗೆ ಮಗನಿಗೆ ಬರೆದಳು.

ಗುಮಾಸ್ತ ಕೂದಲು ನರೆಯುವವರೆಗೆ ಪರರ ಕಾಗದಗಳನ್ನು ಓದಿದ್ದ. ಅವುಗಳಲ್ಲಿ ಒಂದೂ ಅವನಿಗೆ ಬರೆದದ್ದಾಗಿರಲಿಲ್ಲ. ಆ ದಿನ ಅವನು ಕಾಗದವನ್ನು ಪಹರೆಯವನ ಕೈಗೆ ಕೊಡಲಿಲ್ಲ. ತಾನೇ ಎದ್ದು ಮಗನಿದ್ದ ಕೋಣೆಗೆ ಹೋದ.

"ನಿನಗೆ ಬರೆದದ್ದು ನಿನಗೆ ಬೇಡವಾದರೆ ಬಿಡು. ನನಗೂ ಒಂದು ಮಾತು ಬರೆದಿದ್ದಾರೆ, ಅದಕ್ಕೆ ಉತ್ತರ ಹೋಗಬೇಕು. ಇಲ್ಲಿರುವವರ ಮನೆಗೆ ನಾನು ಬರೆಯುವಂತಿಲ್ಲ. ನೀನು ಬರೆ."

"ಏನಂತ?"

"ಊಟ ಆಯಿತು ಅಂತ."

ಗುಮಾಸ್ತ ಒಂದು ಅಂಚೆ ಕಾರ್ಡು ಮುಂದೆ ಹಿಡಿದ. ಮಗ ಅದಕ್ಕೆ ಕೈ ಚಾಚಿದ.

ಕಾರ್ಡು ತಾಯಿಗೆ ತಲುಪಿತು. ಅದರಲ್ಲಿ 'ಊಟ ಆಯಿತು' ಎಂದಷ್ಟೇ ಇತ್ತು. ಯಾರ ಊಟವೆಂದು ಅವಳಿಗೆ ತಿಳಿಯಲಿಲ್ಲ. ಅಕ್ಷರ ಮಾತ್ರ ಮಗನದು.

ಗುರು ಕತೆ ನಿಲ್ಲಿಸಿದ.

"ಆಮೇಲೆ ಮಗನ ಸಿಟ್ಟು ಇಳಿಯಿತೇ?" ಎಂದು ಶಿಷ್ಯ ಕೇಳಿದ.

ಗುರು ಕೇಳಿದ: "ನೀನು ಹೋದಾಗಲೆಲ್ಲ ನಿನ್ನ ಗೆಳೆಯನ ಮನೆಯ ಬಾಗಿಲು ತೆರೆಯುವವರ ಹೆಸರೇನು?"

ಶಿಷ್ಯನಿಗೆ ಗೊತ್ತಿರಲಿಲ್ಲ.